ಆಮೆಯ ಉಣ್ಣಿ

ಉಣ್ಣಿ ಎಂದ ಕೂಡಲೇ ಜನ ಮೈ ಕೆರೆದುಕೊಳ್ಳುತ್ತಾರೆ. ನಾಯಿಯ ಕಿವಿಯಲ್ಲಿ ಕಂಡರೆ ಕಿತ್ತು ಕಲ್ಲಿನ ಮೇಲೆ ಹೊಸಕುತ್ತಾರೆ. ಅಲ್ಲಿಗೆ ಉಣ್ಣಿಗೂ ಮನುಷ್ಯನಿಗೂ ಇರುವ ಸಂಬಂಧ ಮುಗಿಯಿತು. ಅದರ ಮುಖವನ್ನು ಕಣ್ತುಂಬ ನೋಡಿದವರು ಲಕ್ಷಕ್ಕೊಬ್ಬರೂ ಸಿಗಲಿಕ್ಕಿಲ್ಲ. ಚಿತ್ರದಕ್ಕ ಅಂಥವಳು. ಪ್ರಾಣಿ ಸಂಗ್ರಹಾಲಯದ ಮೂರನೇ ಮಹಡಿಯಲ್ಲಿ ಒಂದು ಕಣ್ಣು ಸೂಕ್ಷ್ಮದರ್ಶಕದಲ್ಲಿ, ಇನ್ನೊಂದು ಕಣ್ಣು ಕಾಗದದ ಮೇಲೆ ಇಟ್ಟು ಮೂವತ್ತಾರು ವರ್ಷ ಉಣ್ಣಿಗಳ ಚಿತ್ರ ಬರೆದವಳು. ಅದೂ ಸಾಮಾನ್ಯ ಉಣ್ಣಿಗಳಲ್ಲ. ಹಾವು, ಉಡ, ಆಮೆ, ಓತಿಕ್ಯಾತಗಳ ಮೈಯಲ್ಲಿ ಬದುಕುವಂಥವು. ಇವುಗಳಲ್ಲಿ ಎಷ್ಟೋ ಜಾತಿಗಳಿಗೆ ಕಣ್ಣೇ ಇರುವುದಿಲ್ಲ. ‘ಕಣ್ಣಿಲ್ಲದವುಗಳನ್ನ ನೋಡಿ ನೋಡಿ ನನ್ನ ಕಣ್ಣು ಹೋಯ್ತು’ ಎಂದು ಅವಳು ಪ್ರತಿಸಲ ಕನ್ನಡಕ ಬದಲಾಯಿಸುವಾಗಲೂ ಹೇಳುತ್ತಿದ್ದಳು.

ಚುಕ್ಕಿ ಚುಕ್ಕಿ ಇಟ್ಟು ಬರೆಯುವ ಚಿತ್ರ ಅದು. ಬೆನ್ನಿನ ಗುರಾಣಿಯ ಮೇಲೆ ಎಷ್ಟು ಗುಳಿ ಇವೆಯೋ ಅಷ್ಟೇ ಗುಳಿ. ಹಿಂಭಾಗದ ಅಂಚಿನಲ್ಲಿ ಹನ್ನೊಂದು ಮಡಿಕೆ ಇದ್ದರೆ ಹನ್ನೊಂದು. ಮೂತಿಯ ಕೆಳಗಿನ ಹಲ್ಲುಗಳು ಮೂರು ಸಾಲೋ ನಾಲ್ಕು ಸಾಲೋ, ಒಂದೂ ತಪ್ಪುವಂತಿಲ್ಲ. ಒಂದು ಜಾತಿ ಇನ್ನೊಂದು ಜಾತಿಯಲ್ಲ ಎಂದು ತೀರ್ಮಾನವಾಗುವುದು ಇಂಥ ಲೆಕ್ಕದಿಂದಲೇ. ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೇ ಇತ್ತು, ಇರಲಿ ಬಿಡಿ, ಸಂಪಾದಿಸಿದ ಜಂಬ.

ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ, ಒಂದು ಗುರುವಾರ ಬೆಳಿಗ್ಗೆ, ಸಂಗ್ರಹಾಲಯದಿಂದ ಫೋನ್ ಬಂತು. ಮಾತಾಡಿದವಳು ಅಲ್ಲಿಗೆ ಮೂರು ವರ್ಷದ ಹಿಂದೆ ಸೇರಿದ ಸಂಶೋಧಕಿ. ಚಿತ್ರದಕ್ಕ ಅವಳನ್ನು ಒಮ್ಮೆ ಮಾತ್ರ ನೋಡಿದ್ದಳು. ಬಿಸಿಲಿಗೆ ಸುಟ್ಟ ಮೂಗು, ಮೊಣಕಾಲಿಗೆ ತೇಪೆ ಹಾಕಿದ ಪ್ಯಾಂಟು.

“ಅಮ್ಮಾ, ಆಮೆಯ ಉಣ್ಣಿ ಚಿತ್ರ ಬರೆದದ್ದು ನೀವೇ ಅಲ್ವಾ?”

ಚಿತ್ರದಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಹೌದು. ಏನಾಯ್ತು?”

“ಏನೂ ಆಗ್ತಿಲ್ಲ, ಅದೇ ತೊಂದರೆ. ಮೂರು ವರ್ಷದಿಂದ ಹುಡುಕ್ತಾ ಇದ್ದೀನಿ. ನಾನೂರಾ ಹನ್ನೆರಡು ಆಮೆ ಎತ್ತಿ ನೋಡಿದ್ದೀನಿ. ಕಂಕುಳು, ಕುತ್ತಿಗೆ, ಬಾಲದ ಬುಡ, ಚಿಪ್ಪಿನ ಸಂದು ಎಲ್ಲಾ ತಡಕಾಡಿದ್ದಾಯ್ತು. ಬೇರೆ ಉಣ್ಣಿ ಸಿಗ್ತಾವೆ. ಇದು ಒಂದೂ ಇಲ್ಲ. ನಿಮ್ಮ ಉಣ್ಣಿ ಮೇಷ್ಟ್ರಿಗೆ ಆವತ್ತು ಸಿಕ್ಕಿದ್ದೇ ಮೊದಲು, ಅದೇ ಕೊನೆ.”

“ಮತ್ತೆ?”

“ಮತ್ತೇನು, ಸೋಮವಾರ ಲೇಖನ ಕಳಿಸ್ತೀನಿ. ಈ ಜಾತಿ ಭೂಮಿ ಮೇಲೆ ಉಳಿದಿಲ್ಲ ಅಂತ.” ಹುಡುಗಿ ದನಿ ತಗ್ಗಿಸಿದಳು. “ಮೇಷ್ಟ್ರು ಇನ್ನೂ ಇದ್ದಾರಲ್ವಾ ಅಮ್ಮಾ. ಅವರು ಹೆಸರಿಟ್ಟಿದ್ದು ಜೀವಮಾನದಲ್ಲಿ ಅದೊಂದಕ್ಕೇ ಅಂತೆ. ನನಗೆ ಹೋಗಿ ಹೇಳೋಕೆ ಬಾಯಿ ಬರ್ತಿಲ್ಲ. ನೀವೇ ಹೇಳ್ತೀರಾ?”

ಹೇಳುತ್ತೇನೆ ಎಂದು ಚಿತ್ರದಕ್ಕ ಫೋನ್ ಇಟ್ಟಳು. ಇಟ್ಟವಳು ಅಡುಗೆಮನೆಗೆ ಹೋಗದೆ ಅಲ್ಲೇ ಕೂತುಬಿಟ್ಟಳು. ಏಕೆಂದರೆ ಆ ಉಣ್ಣಿ ಅಳಿದುಹೋಗಿಲ್ಲವೆಂದು ತಿಳಿದವಳು ತಾನೊಬ್ಬಳೇ ಎಂದು ಅವಳ ನಂಬಿಕೆ. ಅಳಿಯುವುದಿರಲಿ, ಅದು ಆಮೆಯ ಮೈಮೇಲೆ ಎಂದೂ ಇರಲೇ ಇಲ್ಲ. ಅದು ಉಡದ ಉಣ್ಣಿ. ಮೂವತ್ತೆಂಟು ವರ್ಷದಿಂದ ಈ ಮಾತನ್ನು ಅವಳು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು.

ಅದು ಹೇಗಾಯಿತೆಂದರೆ, ಹೀಗೆ.

ಆಗ ಅವಳಿಗೆ ಇಪ್ಪತ್ತಾರು, ಅವಳಿಗೆ ಕೆಲಸ ಕಲಿಸಿದ ಸಂಶೋಧಕ ಮೇಷ್ಟ್ರಿಗೆ ನಲವತ್ತೊಂಬತ್ತು. ಸಂಗ್ರಹಾಲಯದಲ್ಲಿ ಎಲ್ಲರೂ ಅವರನ್ನು ಉಣ್ಣಿ ಮೇಷ್ಟ್ರು ಎನ್ನುತ್ತಿದ್ದರು, ಎದುರಿಗೇ. ಅವರಿಗೆ ಅದರಲ್ಲಿ ಬೇಸರವಿರಲಿಲ್ಲ. ವರ್ಷಕ್ಕೆ ಎರಡು ಸಲ ಹಳೇ ಜೀಪಿನಲ್ಲಿ ಮೇಷ್ಟ್ರು, ಚಿತ್ರದಕ್ಕ, ಡ್ರೈವರ್ ಮೂವರೂ ಹೊರಡುತ್ತಿದ್ದರು. ಕಲ್ಲುಗುಡ್ಡ, ಕುರುಚಲು ಕಾಡು, ಒಣಗಿದ ಹಳ್ಳ. ಸಿಕ್ಕ ಪ್ರಾಣಿಯನ್ನು ಬಟ್ಟೆಯ ಚೀಲಕ್ಕೆ ಹಾಕುವುದು, ಅಳೆಯುವುದು, ಮೈಯೆಲ್ಲ ನೋಡಿ ಚಿಮಟದಿಂದ ಉಣ್ಣಿ ಬಿಡಿಸುವುದು, ಸೀಸೆಗೆ ಹಾಕುವುದು, ಪ್ರಾಣಿಯನ್ನು ಹಿಡಿದ ಜಾಗದಲ್ಲೇ ಬಿಡುವುದು. ಹೆಬ್ಬಾವಿನ ಹುರುಪೆಯ ಸಂದಿನಲ್ಲಿ ಚಿಮಟ ಆಡಿಸುವಾಗ ಮೇಷ್ಟ್ರು ಅದರ ಜೊತೆ ಮಾತಾಡುತ್ತಿದ್ದರು: “ಸ್ವಲ್ಪ ತಡಕೋಪ್ಪಾ, ಆಯ್ತು, ಆಯ್ತು, ಇದೊಂದು.” ಡ್ರೈವರ್ ಮಾತ್ರ ಜೀಪಿನ ಬಾಗಿಲು ತೆರೆದಿಟ್ಟುಕೊಂಡು, ಒಂದು ಕಾಲು ಒಳಗಿಟ್ಟುಕೊಂಡೇ ನಿಂತಿರುತ್ತಿದ್ದ.

ಆ ದಿನಗಳನ್ನು ನೆನೆದರೆ ಚಿತ್ರದಕ್ಕನಿಗೆ ಈಗಲೂ ಮುಖದ ಮೇಲೆ ಬಿಸಿಲು ಬಿದ್ದಂತಾಗುತ್ತದೆ. ಜೀಪಿನ ಹಿಂದಿನ ಸೀಟಿನಲ್ಲಿ ಸೀಸೆಗಳ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ರಸ್ತೆಯ ಗುಂಡಿಗಳನ್ನೆಲ್ಲ ಡ್ರೈವರ್ ಹೆಸರಿಟ್ಟು ಬೈಯುತ್ತಿದ್ದ. ಮೇಷ್ಟ್ರು ರಾಗವಿಲ್ಲದ ದನಿಯಲ್ಲಿ ಏನೋ ಗುನುಗುತ್ತಿದ್ದರು. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಗಾಜಿನ ಲೋಟ ಬದಿಗಿಟ್ಟು, ಬೆಳಿಗ್ಗೆ ಸಿಕ್ಕ ಉಣ್ಣಿಯನ್ನು ಮಸೂರದಲ್ಲಿ ತೋರಿಸುತ್ತಾ ಪಾಠ ಹೇಳುತ್ತಿದ್ದರು. ಅಂಗಡಿಯವನೂ ಬಗ್ಗಿ ನೋಡಿ, “ಥೂ” ಎಂದು ಹೋಗುತ್ತಿದ್ದ. ಅವಳಿಗೆ ಅಂಥ ಸುಖ ಆಮೇಲೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಬಟ್ಟೆಯ ಚೀಲಗಳ ಜವಾಬ್ದಾರಿ ಅವಳದು. ಅವನ್ನು ಹೊಲಿದುಕೊಟ್ಟವನು ಅವಳ ಗಂಡ, ದರ್ಜಿ. ಉಡದ ಉಗುರಿಗೆ ಹೊಲಿಗೆ ಕಿತ್ತುಬರುತ್ತದೆ ಎಂದು ಅವಳು ಹೇಳಿದ್ದಕ್ಕೆ, ಅವನು ಅಂಚನ್ನು ಎರಡು ಸಲ ಒಳಮಡಚಿ ಗಟ್ಟಿ ಹೊಲಿಗೆ ಹಾಕಿಕೊಟ್ಟಿದ್ದ. ಚೀಲಕ್ಕೆ ಒಂದೇ ಕಾನೂನು. ಒಂದು ಪ್ರಾಣಿ ಹೊರಗೆ ಹೋದ ಮೇಲೆ ಚೀಲವನ್ನು ಒಳಮೈ ಹೊರಗೆ ಮಾಡಿ, ಕುದಿಯುವ ನೀರಿಗೆ ಅದ್ದಿ, ಬಿಸಿಲಿಗೆ ಒಣಗಿಸದೆ ಇನ್ನೊಂದು ಪ್ರಾಣಿಯನ್ನು ಹಾಕುವಂತಿಲ್ಲ. ಹಾಕಿದರೆ ಒಂದರ ಉಣ್ಣಿ ಇನ್ನೊಂದಕ್ಕೆ ಹತ್ತುತ್ತದೆ, ಯಾರ ಉಣ್ಣಿ ಯಾರ ಮೈಯದೆಂದು ದೇವರೂ ಹೇಳಲಾರ. ಕಡ್ಡಿ ಮುರಿದಂತೆ ಹೇಳಿದ್ದರು ಮೇಷ್ಟ್ರು. ಅವಳೂ ಎಂದೂ ತಪ್ಪಿರಲಿಲ್ಲ.

ಆ ವರ್ಷ ಮೇಷ್ಟ್ರು ಮೇಷ್ಟ್ರಾಗಿರಲಿಲ್ಲ. ಹಿಂದಿನ ವರ್ಷ ಅವರ ಹೆಂಡತಿ ಹದಿನೇಳು ದಿನದ ಜ್ವರದಲ್ಲಿ ತೀರಿಕೊಂಡಿದ್ದರು. ಆಮೇಲೆ ಅವರು ಊಟದ ಡಬ್ಬಿ ತರುವುದು, ಮಧ್ಯಾಹ್ನ ಅದರ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂರುವುದು, ಸಂಜೆ ಹಾಗೇ ವಾಪಸ್ ಒಯ್ಯುವುದು. ಜೀಪಿನಲ್ಲಿ ಗುನುಗು ನಿಂತಿತ್ತು. ಹಾವಿನ ಜೊತೆ ಮಾತೂ ನಿಂತಿತ್ತು.

ಆವತ್ತು ಇದ್ದದ್ದು ಎಂಟು ಚೀಲ. ಏಳು ತೊಳೆದು ಜೀಪಿನ ಮೂತಿಯ ಮೇಲೆ ಒಣಗಲು ಹಾಕಿದ್ದವು. ಎಂಟನೆಯದರಿಂದ ಆಗಷ್ಟೇ ಒಂದು ಉಡವನ್ನು ಬಿಟ್ಟು, ಚೀಲ ಕೈಯಲ್ಲೇ ಹಿಡಿದು ಚಿತ್ರದಕ್ಕ ಸ್ಟವ್ ಕಡೆಗೆ ಹೊರಟಿದ್ದಳು. ಅಷ್ಟರಲ್ಲಿ ಡ್ರೈವರ್ ಕೂಗಿಕೊಂಡ. ರಸ್ತೆಯ ನಡುಮಧ್ಯೆ ಆಮೆ, ತಿರುವಿನಲ್ಲಿ ಲಾರಿ. ಅವಳು ಓಡಿದಳು, ಆಮೆಯನ್ನು ಬಾಚಿಕೊಂಡಳು, ಕೈಯಲ್ಲಿದ್ದ ಚೀಲಕ್ಕೆ ತುಂಬಿದಳು. ಲಾರಿಯವನು ಬೈದುಕೊಂಡು ಹೋದ. ಎದೆ ಬಡಿತ ಇಳಿಯುವ ಹೊತ್ತಿಗೆ ಚೀಲದ ವಿಷಯ ಅವಳ ತಲೆಯಿಂದ ಹಾರಿಹೋಗಿತ್ತು. ಮುಕ್ಕಾಲು ಗಂಟೆ ಆಮೆ ಅದರಲ್ಲೇ ಇತ್ತು.

ಆಮೇಲೆ ಮೇಷ್ಟ್ರು ಚೀಲ ಬಿಚ್ಚಿದರು. ಅವಳು ಸೀಸೆ ತರಲು ಹಿಂದೆ ತಿರುಗಿದ್ದಳು. ತಿರುಗಿ ನೋಡುವಷ್ಟರಲ್ಲಿ ಚಿಮಟದ ತುದಿಯಲ್ಲಿ ಚಪ್ಪಟೆಯಾದ ಕಂದು ಗಂಡು ಉಣ್ಣಿ. ಮಸೂರ ಹಿಡಿದರು. ಇನ್ನೊಮ್ಮೆ ಹಿಡಿದರು. “ಇಲ್ಲಿ ನೋಡು, ಮುಂಗಾಲಿನ ಬುಡದ ಮುಳ್ಳು ನೋಡು, ಇಷ್ಟುದ್ದ ಯಾವುದಕ್ಕಿದೆ ಹೇಳು” ಎಂದರು. ಯಾವುದಕ್ಕೂ ಇರಲಿಲ್ಲ. ಮೇಷ್ಟ್ರು ನಕ್ಕರು. ಹದಿನಾಲ್ಕು ತಿಂಗಳ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಟೋಪಿ ತೆಗೆದು ಆಮೆಯ ಚಿಪ್ಪಿನ ಮೇಲಿಟ್ಟು, “ತಾಯೀ, ನೀನು ದೊಡ್ಡವಳು” ಎಂದು ಕೈಮುಗಿದರು. ಟೋಪಿ ಹೊತ್ತ ಆಮೆ ನಾಲ್ಕು ಹೆಜ್ಜೆ ನಡೆಯಿತು. ಡ್ರೈವರ್ ಕೂಡ ಅಂದು ಎರಡು ಕಾಲೂ ಜೀಪಿನಿಂದ ಹೊರಗಿಟ್ಟು ಬಂದು ನೋಡಿದ.

ಎರಡು ದಿನ ಬಿಟ್ಟು, ಸಂಗ್ರಹಾಲಯದ ಹಿತ್ತಿಲಲ್ಲಿ ಚೀಲಗಳನ್ನು ಮತ್ತೊಮ್ಮೆ ಕುದಿಸಲು ಬಿಡಿಸುವಾಗ, ಆ ಎಂಟನೇ ಚೀಲದ ಒಳಮಡಿಕೆಯ ಹೊಲಿಗೆಯಲ್ಲಿ ಚಿತ್ರದಕ್ಕನಿಗೆ ಎರಡು ಉಣ್ಣಿ ಸಿಕ್ಕವು. ಕಂದು, ಚಪ್ಪಟೆ, ಮುಂಗಾಲಿನ ಬುಡದಲ್ಲಿ ಉದ್ದ ಮುಳ್ಳು. ಪಕ್ಕದಲ್ಲೇ ಉಡದ ಉಗುರಿನ ಒಂದು ಸಿಪ್ಪೆ. ಅವಳಿಗೆ ಎಲ್ಲವೂ ಅರ್ಥವಾಯಿತು. ಅಂಗೈಯಲ್ಲಿ ಅವನ್ನು ಹಿಡಿದುಕೊಂಡೇ ಮೂರು ಮಹಡಿ ಹತ್ತಿದಳು, ಹೇಳಿಬಿಡೋಣವೆಂದು. ಬಾಗಿಲಲ್ಲಿ ನಿಂತಳು. ಮೇಷ್ಟ್ರು ಬೆನ್ನು ಹಾಕಿ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರು.

“ಊಟ ಮಾಡಿದೆ ಕಣಮ್ಮಾ. ಹೌದು, ಪೂರ್ತಿ. ನಿಮ್ಮಮ್ಮ ಹೋದಮೇಲೆ ಇವತ್ತು ಮೊದಲ ಸಲ ಹಸಿವಾಯ್ತು ನೋಡು.”

ಚಿತ್ರದಕ್ಕ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಮೆಟ್ಟಿಲಿಳಿದಳು. ಆ ಎರಡು ಉಣ್ಣಿಗಳನ್ನು ಕುದಿಯುವ ನೀರಿಗೆ ಹಾಕಿ, ನೀರನ್ನು ಮೋರಿಗೆ ಚೆಲ್ಲಿದಳು. ಇದ್ದದ್ದನ್ನು ಬಿಡದವಳು ಅವಳು, ಆ ದಿನ ಬಿಟ್ಟಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಮೇಷ್ಟ್ರು ಹೆಸರು ಹುಡುಕುತ್ತಿದ್ದರು. ನಾಡಿದ್ದು ಅದರ ಲ್ಯಾಟಿನ್ ರೂಪ ಸಿಕ್ಕಿತು. ‘ಆಮೆಗೆ ಸೇರಿದ್ದು’ ಎಂದು ಅರ್ಥ. ಆರು ತಿಂಗಳಲ್ಲಿ ಅವಳ ಚಿತ್ರದ ಜೊತೆ ಅಚ್ಚಾಯಿತು. ಅಚ್ಚಾದ ಹೆಸರಿನ ಮೇಲೆ ಇನ್ನೇನು ಹೇಳುವುದು.

ಅದಕ್ಕೆ ಶಿಕ್ಷೆ ಬೇರೆ ರೂಪದಲ್ಲಿ ಬಂತು. ಆ ಸಲದ ನಂತರ ಮೇಷ್ಟ್ರು ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ಮೊದಲು ಮೊಣಕಾಲು ನೋವು ಅಂದರು. ಆಮೇಲೆ ಜೀಪು ಸರಿಯಿಲ್ಲ ಅಂದರು. ಆಮೇಲೆ ಏನೂ ಅನ್ನಲಿಲ್ಲ. ನಿವೃತ್ತಿಯವರೆಗೆ ಹನ್ನೊಂದು ವರ್ಷ ಅದೇ ಕೋಣೆಯಲ್ಲಿ, ಎರಡು ಮೇಜಿನಾಚೆ ಕೂತು ಕೆಲಸ ಮಾಡಿದರು. ಮಾತಿನಲ್ಲಿ ಮೊದಲಿನ ಅಕ್ಕರೆಯೇ ಇತ್ತು, ಆದರೆ ಅವಳ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ. ತಾನೊಮ್ಮೆ ಚೀಲ ತೊಳೆಯದೆ ಬಿಟ್ಟದ್ದು, ಯಾವ ಚೀಲವೆಂದು ತಿಳಿಯದಿದ್ದರೂ, ಅವರಿಗೆ ಹೇಗೋ ಗೊತ್ತಾಗಿದೆ, ಚೀಲ ತೊಳೆಯದವಳ ಜೊತೆ ಕಾಡಿಗೆ ಹೋಗಲು ಮನಸ್ಸಿಲ್ಲ, ದೊಡ್ಡ ಮನುಷ್ಯರಾದ್ದರಿಂದ ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಚಿತ್ರದಕ್ಕ ತೀರ್ಮಾನಿಸಿದಳು. ಕೇಳುವ ಧೈರ್ಯವಿರಲಿಲ್ಲ. ಡ್ರೈವರಿಗೆ ಬೇರೆ ಇಲಾಖೆಗೆ ವರ್ಗವಾಯಿತು. ಜೀಪಿನ ಮೇಲೆ ಪಾರಿವಾಳಗಳು ಕೂತವು.

ಫೋನ್ ಬಂದ ದಿನ ಮಧ್ಯಾಹ್ನ, ಅವಳ ಗಂಡ ಅಂಗಡಿಯಿಂದ ಊಟಕ್ಕೆ ಬಂದ. ಈ ವಿಷಯ ತಿಳಿದ ಇನ್ನೊಂದು ಜೀವ ಅವನೇ; ಆದರೆ ಅವನಿಗೆ ಉಣ್ಣಿಯೂ ಒಂದೇ ಗುಂಡಿಯೂ ಒಂದೇ ಆದ್ದರಿಂದ ಅವನನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

“ನಾನು ಆವತ್ತೇ ಹೇಳಿದ್ದೆ, ಹೇಳಿಬಿಡು ಅಂತ,” ಎಂದ ತಟ್ಟೆಗೆ ಕೈಯಿಟ್ಟು.

“ನೀವು ಹೇಳಿದ್ದು, ‘ನನ್ನ ಹೊಲಿಗೆಯಿಂದ ಒಂದು ಹೊಸ ಪ್ರಾಣಿ ಹುಟ್ತು, ನನ್ನ ಹೆಸರೇ ಇಡಬೇಕಿತ್ತು’ ಅಂತ.”

“ಅದೂ ಹೇಳಿದ್ದೆ. ತಪ್ಪೇನು?” ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದ. “ನೋಡು, ಆವಾಗ ಸುಮ್ಮನಿದ್ದದ್ದು ಅವರಿಗೋಸ್ಕರ. ಸರಿ. ಈಗ ಆ ಹುಡುಗಿ ಬಿಸಿಲಲ್ಲಿ ನಾನೂರು ಆಮೆ ಬುಡಮೇಲು ಮಾಡಿದ್ದಾಳಲ್ಲ, ಅದು ಯಾರಿಗೋಸ್ಕರ?”

ಚಿತ್ರದಕ್ಕ ಅವನ ತಟ್ಟೆಗೆ ಸಾರು ಬಡಿಸುತ್ತಾ ಲೆಕ್ಕ ಹಾಕಿದಳು. ಹುಡುಗಿಗೆ ಹೇಳದಿದ್ದರೆ ಸೋಮವಾರ ಒಂದು ಹಸಿ ಸುಳ್ಳು ಅಚ್ಚಿಗೆ ಹೋಗುತ್ತದೆ. ಹೇಳಿದರೆ ಎಂಬತ್ತೇಳು ವರ್ಷದ ಮುದುಕರ ಒಂದೇ ಒಂದು ಗೆಲುವು, ಇನ್ನೊಬ್ಬಳು ತೊಳೆಯದ ಚೀಲದಿಂದ ಆದ ಪ್ರಮಾದವೆಂದು ಊರಿಗೆಲ್ಲ ಗೊತ್ತಾಗುತ್ತದೆ. ಯಾರಿಂದಲೋ ತಿಳಿಯುವುದಕ್ಕಿಂತ ತನ್ನ ಬಾಯಿಂದಲೇ ತಿಳಿಯಲಿ ಎಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದಳು.

ಮೇಷ್ಟ್ರು ಇದ್ದದ್ದು ಮಗಳ ಮನೆಯ ಮೇಲ್ಮಹಡಿಯ ಕೋಣೆಯಲ್ಲಿ. ಮಗಳು ಶಾಲೆಯಲ್ಲಿ ಗಣಿತ ಕಲಿಸುವವಳು. ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ರಾಶಿ ಹರಡಿಕೊಂಡಿದ್ದಳು. “ಹೋಗಿ, ನೀವು ಬರ್ತೀರ ಅಂತ ಬೆಳಿಗ್ಗೆಯಿಂದ ಶರ್ಟು ಹಾಕ್ಕೊಂಡು ಕೂತಿದ್ದಾರೆ,” ಎಂದವಳು ಮೆಟ್ಟಿಲ ತನಕ ಬಂದು ಮೆಲ್ಲಗೆ ಸೇರಿಸಿದಳು, “ಹೃದಯ ಸ್ವಲ್ಪ ಸೂಕ್ಷ್ಮ ಆಗಿದೆ. ಗಾಬರಿ ಆಗೋಂಥದ್ದು ಏನೂ ಹೇಳ್ಬೇಡಿ, ಆಯ್ತಾ?”

ಗಾಬರಿಯಾಗುವಂಥದ್ದೇ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಚಿತ್ರದಕ್ಕ ತಲೆಯಾಡಿಸಿ ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಒಂದು ಮಂಚ, ರೇಡಿಯೋ, ಮಾತ್ರೆಯ ಡಬ್ಬಿಗಳು, ಕಿಟಕಿಯ ಪಕ್ಕ ಕುರ್ಚಿ. ಮೇಷ್ಟ್ರ ಕಣ್ಣು ಪೂರ್ತಿ ಹೋಗಿ ಐದು ವರ್ಷವಾಗಿತ್ತು. ಹಾಗಿದ್ದರೂ ಗೋಡೆಯ ಮೇಲೆ ಗಾಜು ಹಾಕಿಸಿದ ಅವಳ ಚಿತ್ರವಿತ್ತು: ಆಮೆಯ ಉಣ್ಣಿ, ಬೆನ್ನು, ಹೊಟ್ಟೆ, ಮೂತಿ.

“ನಿನ್ನ ಹೆಜ್ಜೆ ಬದಲಾಗಿದೆ,” ಎಂದರು. “ಎಡಗಾಲು ಎಳೀತಿದ್ದೀಯ.”

“ವಯಸ್ಸಾಯ್ತಲ್ಲ ಮೇಷ್ಟ್ರೇ.”

“ನಿನಗಾ? ಹಾಗಾದ್ರೆ ನನಗೇನು ಹೇಳ್ತಾರೆ, ಪಳೆಯುಳಿಕೆ?” ಎಂದು ನಕ್ಕರು. ಹೊಸ ಸುದ್ದಿ ಕೇಳಿದರು. ಉಣ್ಣಿಗಳ ಕುಲವನ್ನೇ ಈಗಿನವರು ಒಡೆದು, ಕೆಲವನ್ನು ಅಲ್ಲಿಗೆ, ಕೆಲವನ್ನು ಇಲ್ಲಿಗೆ ಸೇರಿಸಿದ್ದಾರೆಂದು ರೇಗಿದರು. “ಕಣ್ಣಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾವು ಎಲ್ಲವನ್ನೂ ಒಂದೇ ಮನೆಗೆ ಹಾಕಿದ್ವಿ. ಅದು ತಪ್ಪಂತೆ. ಆಗಲಿ. ತಿದ್ದಿದ್ರೆ ಒಳ್ಳೇದೇ.”

ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲವೆಂದು ಚಿತ್ರದಕ್ಕನಿಗೆ ಅನ್ನಿಸಿತು. “ಮೇಷ್ಟ್ರೇ, ನಾನೂ ಒಂದು ತಪ್ಪು ತಿದ್ದೋಕೆ ಬಂದಿದ್ದೀನಿ,” ಎಂದು ಶುರುಮಾಡಿ, ನಿಲ್ಲಿಸಿದರೆ ಮತ್ತೆ ಆಗುವುದಿಲ್ಲವೆಂಬ ಹೆದರಿಕೆಯಿಂದ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಉಡ, ಲಾರಿ, ಎಂಟನೇ ಚೀಲ, ಹೊಲಿಗೆಯೊಳಗಿನ ಎರಡು ಉಣ್ಣಿ, ಮೋರಿಗೆ ಚೆಲ್ಲಿದ ನೀರು, ಹುಡುಗಿಯ ನಾನೂರಾ ಹನ್ನೆರಡು ಆಮೆ, ಸೋಮವಾರ. ಹೇಳಿ ಮುಗಿಸಿದಾಗ ಕೆಳಗೆ ಮಗಳು ಹಾಳೆ ಮಗುಚುವ ಸದ್ದು ಕೇಳಿಸುತ್ತಿತ್ತು.

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ ಪರೀಕ್ಷೆ ಮಾಡುವ ದನಿಯಲ್ಲಿ ಕೇಳಿದರು.

“ಒಂದು ಉಣ್ಣಿ ಆ ಪ್ರಾಣಿಯದ್ದೇ ಅಂತ ಯಾವಾಗ ಬರೀಬಹುದು?”

“ಚರ್ಮಕ್ಕೆ ಕಚ್ಚಿಕೊಂಡಿದ್ರೆ.”

“ಸುಮ್ನೆ ಮೈಮೇಲೆ ನಡೀತಿದ್ರೆ?”

“ಬರೀಬಾರದು. ಎಲ್ಲಿಂದ ಬೇಕಾದ್ರೂ ಬಂದಿರಬಹುದು. ನೀವೇ ಕಲಿಸಿದ್ದಲ್ವಾ, ಮೊದಲನೇ ದಿನ.”

“ಆಮೆಯ ಉಣ್ಣಿ ಬಗ್ಗೆ ನಾನೇನು ಬರೆದಿದ್ದೀನಿ?”

“ಎಡ ಮುಂಗಾಲಿನ ಬುಡದ ಮೆತ್ತನೆ ಚರ್ಮಕ್ಕೆ ಕಚ್ಚಿಕೊಂಡಿತ್ತು ಅಂತ.”

“ಸುಳ್ಳು,” ಎಂದರು ಮೇಷ್ಟ್ರು. “ಚಿಪ್ಪಿನ ಮೇಲೆ ನಡೀತಿತ್ತು.”

ಚಿತ್ರದಕ್ಕನಿಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಮೇಷ್ಟ್ರ ಬೆರಳುಗಳು ಕುರ್ಚಿಯ ಹಿಡಿಯನ್ನು ಒತ್ತುತ್ತಿದ್ದವು.

“ನೀನು ಸೀಸೆ ತರೋಕೆ ತಿರುಗಿದ್ದೆ. ಚೀಲ ಬಿಚ್ಚಿದೆ, ಚಿಪ್ಪಿನ ಮೇಲೆ ಆರಾಮಾಗಿ ನಡೀತಿತ್ತು. ಎತ್ತಿಕೊಂಡೆ. ಆ ಮುಳ್ಳು ನೋಡಿದ ಮೇಲೆ ನನಗೆ ಬೇರೇನೂ ಬೇಡವಾಯ್ತು. ಕಚ್ಚಿಕೊಂಡಿತ್ತು ಅಂತ ಬರೆದುಬಿಟ್ಟೆ. ಬೇರೆಯವರು ಹಾಗೆ ಬರೆದಿದ್ರೆ ಕಿವಿ ಹಿಂಡ್ತಿದ್ದೆ. ಆ ವರ್ಷ ನನಗೆ ಏನಾದ್ರೂ ಒಂದು ಒಳ್ಳೇದು ಬೇಕಾಗಿತ್ತು. ಒಂದೇ ಒಂದು. ಅಷ್ಟೇ.”

“ನನಗೆ ಗೊತ್ತೇ ಇರ್ಲಿಲ್ಲ ಮೇಷ್ಟ್ರೇ.”

“ಗೊತ್ತಿರ್ಲಿಲ್ವಾ?” ಅವರು ಕಾಣದ ಕಣ್ಣನ್ನು ಗೋಡೆಯ ಕಡೆ ತಿರುಗಿಸಿದರು. “ಮತ್ತೆ ಆ ಚಿತ್ರ? ಕಚ್ಚಿಕೊಂಡ ಉಣ್ಣಿನ ಕಿತ್ರೆ ಮೂತಿಯಲ್ಲಿ ಚರ್ಮದ ಚೂರು, ಅಂಟು, ಏನಾದ್ರೂ ಇರತ್ತೆ. ನೀನು ಬರೆದ ಮೂತಿ ನೋಡು. ಕನ್ನಡಿ ಥರ ಇದೆ. ಒಂದು ಚೂರಿಲ್ಲ. ಆ ಹಾಳೆ ನನ್ನ ಮೇಜಿನ ಮೇಲಿಟ್ಟೆಯಲ್ಲ, ಆವತ್ತು ನನ್ನ ಜೀವ ಬಾಯಿಗೆ ಬಂತು. ಇವಳು ಕಂಡದ್ದನ್ನ ಬಿಡೋಳಲ್ಲ, ಇವಳಿಗೆ ಎಲ್ಲಾ ಗೊತ್ತಾಗಿದೆ, ಮೇಷ್ಟ್ರ ಮರ್ಯಾದೆ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದಾಳೆ ಅಂದ್ಕೊಂಡೆ. ಆಮೇಲೆ ಯಾವ ಮುಖ ಇಟ್ಕೊಂಡು ನಿನ್ನ ಜೊತೆ ಜೀಪು ಹತ್ತಲಿ?”

ಚಿತ್ರದಕ್ಕ ಎದ್ದು ಗೋಡೆಯ ಬಳಿ ಹೋದಳು. ಮೂತಿ ನಿಜಕ್ಕೂ ಸ್ವಚ್ಛವಾಗಿತ್ತು. ಹಲ್ಲಿನ ಮೂರು ಸಾಲು, ಒಂದೊಂದೂ ಬಿಡಿಬಿಡಿ. ತಾನೇ ಎಣಿಸಿ ಎಣಿಸಿ ಬರೆದದ್ದು. ಅದರ ಅರ್ಥ ಮಾತ್ರ ತನಗೆ ಹೊಳೆದಿರಲಿಲ್ಲ. ತನ್ನ ತಪ್ಪನ್ನು ಕಾಯುವುದರಲ್ಲಿ ಎಷ್ಟು ಮುಳುಗಿದ್ದಳೆಂದರೆ ಇನ್ನೊಬ್ಬರ ತಪ್ಪು ಮೂಗಿನ ನೇರಕ್ಕೇ ಇದ್ದರೂ ಕಾಣಲಿಲ್ಲ.

“ಆವತ್ತಿನ ಉಡದ ಮೈಯಿಂದಲೂ ಒಂದಷ್ಟು ತೆಗೆದಿದ್ವಲ್ಲ,” ಎಂದರು ಮೇಷ್ಟ್ರು ಇದ್ದಕ್ಕಿದ್ದಂತೆ. “ಆ ಸೀಸೆ ಎಲ್ಲಿ?”

“ವಿಂಗಡಿಸದೇ ಇರೋ ಕಪಾಟಲ್ಲಿ, ಮೂರನೇ ಸಾಲು, ಎಡಗಡೆಯಿಂದ ಆರನೇದು.”

“ಯಾವತ್ತಾದ್ರೂ ತೆರೆದು ನೋಡಿದ್ಯಾ?”

“ಇಲ್ಲ. ನೀವು?”

“ಎಲ್ಲಿದೆ ಅಂತ ನನಗೂ ಗೊತ್ತಿತ್ತು. ಆ ಸಾಲಿನ ಹತ್ರಾನೇ ಹೋಗ್ತಿರ್ಲಿಲ್ಲ,” ಎಂದರು. “ಫೋನ್ ಹಚ್ಚು ಆ ಹುಡುಗಿಗೆ.”

ಶನಿವಾರವಾದರೂ ಹುಡುಗಿ ಸಂಗ್ರಹಾಲಯದಲ್ಲೇ ಇದ್ದಳು. ಚಿತ್ರದಕ್ಕ ಹೇಳಬೇಕಾದ್ದನ್ನು ಹೇಳಿದಳು. ಎರಡನೇ ಸಲಕ್ಕೆ ಸ್ವಲ್ಪ ಸುಲಭವಾಯಿತು. ಆಮೇಲೆ ಮೇಷ್ಟ್ರು ಫೋನ್ ತೆಗೆದುಕೊಂಡು ತಮ್ಮ ಪಾಲಿನದನ್ನು ಹೇಳಿದರು.

“ಮೂರು ವರ್ಷ, ಸಾರ್,” ಎಂದಳು ಹುಡುಗಿ.

“ಗೊತ್ತಮ್ಮಾ. ಬೈಯಿ. ಬೈಸಿಕೊಳ್ಳೋಕೇ ಫೋನ್ ಮಾಡಿದ್ದು.”

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹತ್ತು ನಿಮಿಷ ಬಿಟ್ಟು ಮಾಡುತ್ತೇನೆಂದು ಇಟ್ಟಳು. ಹತ್ತು ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಇಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳಂತೆ ಫೋನಿನ ಎರಡೂ ಬದಿಗೆ ಕೂತಿದ್ದರು. ಮಗಳು ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಏನನ್ನೂ ಕೇಳದೆ ಹೋದಳು. ಕೊನೆಗೆ ಫೋನ್ ಬಡಿದುಕೊಂಡಿತು.

“ಐದಿವೆ ಸಾರ್,” ಹುಡುಗಿಯ ದನಿ ಏರಿತ್ತು. “ಎರಡು ಗಂಡು, ಮೂರು ಹೆಣ್ಣು. ಐದೂ ಅದೇ. ಹೆಣ್ಣನ್ನ ಇಲ್ಲಿವರೆಗೆ ಯಾರೂ ನೋಡೇ ಇಲ್ಲ ಸಾರ್! ಒಂದರ ಮೂತಿಯಲ್ಲಿ ಚರ್ಮ ಇನ್ನೂ ಅಂಟ್ಕೊಂಡಿದೆ. ಉಡದ ಚರ್ಮ.” ಉಸಿರು ತೆಗೆದುಕೊಂಡಳು. “ಹೊರಗೆ ಹೋದಾಗೆಲ್ಲ ಉಡಗಳು ಎಷ್ಟು ಸಿಗ್ತಿದ್ವು. ಆಮೆ ಅಲ್ಲ ಅಂತ ಒಂದನ್ನೂ ಮುಟ್ಟಲಿಲ್ಲ ನಾನು.”

“ಹೆಸರು?” ಎಂದಳು ಚಿತ್ರದಕ್ಕ ತಡೆಯಲಾರದೆ.

“ಹೆಸರು ಹಾಗೇ ಇರತ್ತೆ ಅಮ್ಮಾ, ಒಮ್ಮೆ ಅಚ್ಚಾದ್ರೆ ತಪ್ಪು ಅರ್ಥ ಇದ್ರೂ ಬದಲಾಯ್ಸೋ ಹಾಗಿಲ್ಲ. ಹುಟ್ಟಿದಾಗಿಂದ ಆಮೆಯ ಮುಖ ನೋಡದೇ ಇದ್ರೂ ಅದು ಆಮೆಯ ಉಣ್ಣಿನೇ. ಆದ್ರೆ ಸೋಮವಾರದ ಲೇಖನ ಹರಿದು ಹಾಕ್ತೀನಿ. ನಾಳೆ ಬರ್ತೀನಿ, ಇಬ್ಬರೂ ನಡೆದದ್ದು ನಡೆದ ಹಾಗೆ ಹೇಳಿ. ಒಂದಕ್ಷರ ಬಿಡದೆ ಬರ್ಕೋತೀನಿ.” ಕೊನೆಯ ಮಾತಿನಲ್ಲಿ ಸಿಟ್ಟಿತ್ತು, ಇರಬೇಕಾದ್ದೇ.

ಫೋನ್ ಇಟ್ಟ ಮೇಲೆ ಮೇಷ್ಟ್ರು ನಗುತ್ತಾ ಕೂತರು. ಅಳಿದಿಲ್ಲ, ಎಲ್ಲೂ ಹೋಗಿಲ್ಲ, ಉಡದ ಕಂಕುಳಲ್ಲಿ ಬೆಚ್ಚಗಿದೆ, ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಚಿತ್ರದಕ್ಕನೂ ನಕ್ಕಳು. ಆಮೇಲೆ ಅವರ ನಗು ತಾನಾಗಿ ನಿಂತಿತು. ಏನನ್ನೋ ಬೆರಳಿನ ಮೇಲೆ ಎಣಿಸುತ್ತಿದ್ದರು.

“ಏನೆಣಿಸ್ತಿದ್ದೀರ?”

“ವರ್ಷಕ್ಕೆರಡು ಸಲ. ಹನ್ನೊಂದು ವರ್ಷ,” ಎಂದರು. “ಇಪ್ಪತ್ತೆರಡು ಸಲ ಹೋಗಬಹುದಿತ್ತು ಕಣೇ. ಆಗ ಮೊಣಕಾಲಿಗೆ ಏನೂ ಆಗಿರಲಿಲ್ಲ. ಕಣ್ಣೂ ಇತ್ತು. ಆ ಕೆಲಸದಲ್ಲಿ ನನಗೆ ಇಷ್ಟ ಇದ್ದದ್ದೇ ಆ ಓಡಾಟ. ನೀನು ಹಿಂದೆ ಪೆಟ್ಟಿಗೆ ಹಿಡ್ಕೊಂಡು ಕೂತಿರ್ತಿದ್ದೆ, ಅವನು ಗುಂಡಿಗಳಿಗೆ ಬೈತಿದ್ದ. ಉಣ್ಣಿ ಒಂದು ನೆಪ.”

“ಹೇಳಬಾರದಿತ್ತಾ ಮೇಷ್ಟ್ರೇ?” ಎಂದಳು ಚಿತ್ರದಕ್ಕ. “ಒಂದು ಮಾತು. ಒಂದೇ ಕೋಣೆಯಲ್ಲಿ ಕೂತಿದ್ವಲ್ಲ.”

“ನೀನು ಹೇಳಬಾರದಿತ್ತಾ?”

ಚಿತ್ರದಕ್ಕನಿಗೆ ಅಳು ಬಂತು, ಅವಳು ತಡೆಯಲಿಲ್ಲ. ಮೇಷ್ಟ್ರು ಗಾಳಿಯಲ್ಲಿ ಕೈ ಚಾಚಿ ಅವಳ ಕೈಗಾಗಿ ತಡಕಾಡಿದರು, ಸಿಕ್ಕಿದ ಮೇಲೆ ಬಿಡಲಿಲ್ಲ. ಆಮೇಲೆ, ಮೊದಲನೇ ಸಲ ಎಲ್ಲಿಗೆ ಹೋಗಬೇಕೆಂದುಕೊಂಡಿದ್ದೆ ಗೊತ್ತಾ ಎಂದು ಕೇಳಿ, ಹೋಗದೇ ಉಳಿದ ಒಂದೊಂದು ಗುಡ್ಡದ, ಒಂದೊಂದು ಹಳ್ಳದ ಹೆಸರನ್ನೂ ಹೇಳತೊಡಗಿದರು. ಎಲ್ಲವೂ ಅವರಿಗೆ ಬಾಯಿಪಾಠವಾಗಿದ್ದವು.